ಅಂಗಳದ ಮಾತು: ಸೈರನ್ ಕೇಳಿದಾಗ ನೀವೇನು ಮಾಡುತ್ತೀರಿ?



ಹೋದ ಸಂಚಿಕೆಯಲ್ಲಿ ಉಪ್ಪಿನಕಾಯಿ ಭರಣಿಗೆ ಬೂಸಲು ಬಾರದ ಹಾಗೆ ನೋಡಿಕೊಳ್ಳುವ ಬಗ್ಗೆ ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ರಸ್ತೆಗೆ ಬಂದಿದ್ದೇನೆ. “ರಸ್ತೆ ಮಾತು ಗಂಡಸರಿಗೆ ಹೇಳ್ರಿ, ನಮಗ್ಯಾಕ?” ಎಂದು ಪುಟ ತಿರುವಬೇಡಿ. ಗಾಡಿ ನಡೆಸುವವರು ಯಾರೇ ಇರಲಿ, ಹಿಂದೆ ಕುಳಿತವರು ಬಹಳ ಸಲ ನಾವೇ. ಈ ಮಾತು ಹಿಂದೆ ಕುಳಿತವರಿಗೇ ಇದೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮಗನ ಮದುವೆಗೆ ಸೀರೆ ತರಲು ಹುಬ್ಬಳ್ಳಿಗೆ ಹೋಗಿದ್ದೆವು. ಒಂದು ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ನಮ್ಮದೇ ಮುಂದಿನ ಕಾರು. ಹಿಂದಿನಿಂದ ಆಂಬುಲೆನ್ಸ್ ಸೈರನ್ ಕೂಗತೊಡಗಿತು. “ರೀ, ಸ್ವಲ್ಪ ಬಾಜೂಕ ತಗೋರಿ” ಅಂದೆ. ನಮ್ಮವರು, “ಕೆಂಪು ದೀಪ ಐತಿ ಕಾಣಂಗಿಲ್ಲೇನು? ಗೆರಿ ದಾಟಿದ್ರ ಮ್ಯಾಲಿನ ಕ್ಯಾಮೆರಾ ಫೋಟೊ ಹೊಡೀತೈತಿ. ದಂಡ ನಿಮ್ಮಪ್ಪ ಕಟ್ತಾನೇನು?” ಅಂದರು. ನಾನು ಸುಮ್ಮನಾದೆ. ತೊಡೆಯ ಮೇಲೆ ಸೀರೆಯ ಚೀಲ, ಮನಸ್ಸಿನಲ್ಲಿ ಜರಿಯ ಲೆಕ್ಕ. ಹಸಿರು ದೀಪ ಬರುವವರೆಗೂ ಆ ಗಾಡಿ ಬೆನ್ನ ಹಿಂದೆ ಕೂಗುತ್ತಲೇ ಇತ್ತು. ಊರು ಮುಟ್ಟುವಷ್ಟರಲ್ಲಿ ನಾನದನ್ನು ಮರೆತೂಬಿಟ್ಟೆ.

ಮರೆತದ್ದು ನೆನಪಾದದ್ದು ಹೋದ ಚಳಿಗಾಲದಲ್ಲಿ. ನಮ್ಮ ಮೈದುನನ ಮಗಳು ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಸಸೂತ್ರ ಆಯಿತು, ಮನೆಗೂ ಬಂದಳು. ಆರನೆಯ ದಿನ ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, ಒಮ್ಮೆಲೇ ರಕ್ತ ಹೋಗತೊಡಗಿತು. ಹಾಸಿದ ಬಟ್ಟೆ ತೊಯ್ದು ಹೋಯಿತು, ಹುಡುಗಿಯ ತುಟಿ ಬೆಳ್ಳಗಾಯಿತು. “ದೊಡ್ಡವ್ವಾ, ಕಣ್ಣಿಗೆ ಕತ್ತಲಿ ಬರಾಕತ್ತೈತಿ” ಅಂದಳು. 108ಕ್ಕೆ ಫೋನು ಮಾಡಿದೆವು. ಗಾಡಿ ಬಂತು. ನೆಗೆಣ್ಣಿ ಮಗಳ ಬಾಜೂಕ ಒಳಗೆ ಕುಳಿತಳು, ನಾನು ಮುಂದೆ ಡ್ರೈವರನ ಪಕ್ಕದಲ್ಲಿ.

ನಮ್ಮ ತುಳಸಿಗೇರಿಯಿಂದ ಬಾಗಲಕೋಟೆಗೆ ದೂರವೇನೂ ಇಲ್ಲ. ಹನುಮಪ್ಪನ ಗುಡಿಗೆ ಶನಿವಾರ ಅಲ್ಲಿಂದ ನಡೆದುಕೊಂಡು ಬರುವವರೂ ಇದ್ದಾರೆ. ಆದರೆ ಆ ಸಂಜೆ ಆ ದಾರಿ ಮುಗಿಯಲೇ ಇಲ್ಲ. ಕಬ್ಬಿನ ಹಂಗಾಮು. ನಮ್ಮ ಮುಂದೆ ಎರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರು, ಅದರಲ್ಲಿ ಕಿವಿ ಹರಿಯುವ ಹಾಡು. ನಮ್ಮ ಸೈರನ್ ಆ ಹುಡುಗನಿಗೆ ಕೇಳಿಸಲೇ ಇಲ್ಲ. ಎದುರಿನಿಂದಲೂ ಗಾಡಿಗಳು ಬರುತ್ತಿದ್ದುದರಿಂದ ದಾಟಲಾಗದೆ ಅದರ ಬೆನ್ನಿಗೇ ಹೋದೆವು. ಅವನು ಕೆಟ್ಟವನೆಂದು ನಾನು ಹೇಳಲಾರೆ. ರಾತ್ರಿ ನಿದ್ದೆ ಬಾರದಿರಲಿ ಎಂದು ಹಾಡು ಹಾಕಿಕೊಂಡಿದ್ದಾನು. ಆದರೆ ಒಳಗೆ ನೆಗೆಣ್ಣಿ, “ಕಣ್ಣು ತೆಗಿ ಮಗಳ, ಕಣ್ಣು ತೆಗಿ” ಎನ್ನುತ್ತಿದ್ದುದು ನನಗೆ ಕೇಳುತ್ತಿತ್ತು.

ಗದ್ದನಕೇರಿ ಕ್ರಾಸಿಗೆ ಬಂದೆವು. ಬೆಳಗಾವಿ ರಸ್ತೆ, ವಿಜಯಪುರ-ಹುಬ್ಬಳ್ಳಿ ಹೆದ್ದಾರಿ ಕೂಡುವ ಜಾಗ. ಅಂದು ಗಾಡಿಗಳು ಒಂದರ ಮೂಗಿಗೆ ಒಂದು ತಾಗಿ ನಿಂತಿದ್ದವು. ಎಲ್ಲರೂ ಹೊರಳಿ ನೋಡುವವರೇ, ಯಾರೂ ಕದಲುವವರಿಲ್ಲ. “ಮುಂದಿನಾಂವ ಸರದ್ರ ನಾ ಸರೀತೇನಿ” ಎಂದು ಪ್ರತಿಯೊಬ್ಬರೂ ಕಾಯುತ್ತಿದ್ದರು. ಆಗ ಮುಂದಿದ್ದ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತಿದ್ದ ಹೆಣ್ಣುಮಗಳೊಬ್ಬಳು, ಹಸಿರು ಇಳಕಲ್ ಸೀರೆ, ಕಂಕುಳಲ್ಲಿ ಸಂತೆ ಚೀಲ, ಗಂಡನ ಹೆಗಲಿಗೆ ಫಟ್ಟನೆ ಹೊಡೆದಳು. ಏನೋ ಅಂದಳು, ಅವನು ಗಾಡಿ ಎಡಕ್ಕೆ ಮಣ್ಣಿಗೆ ಇಳಿಸಿದ. ಆಕೆ ಕೆಳಗಿಳಿದು ಪಕ್ಕದ ಟಂಟಂ ಗಾಡಿಯವನಿಗೆ ಕೈ ಬೀಸಿದಳು. ಅವನೂ ಸರಿದ. ಅವನ ಹಿಂದೆ ಕಾರು, ಕಾರಿನ ಹಿಂದೆ ಲಾರಿ. ತಲೆ ಬಾಚಿ ಬೈತಲೆ ತೆಗೆದ ಹಾಗೆ ನಡುವೆ ದಾರಿ ಬಿತ್ತು. ನಮ್ಮ ಡ್ರೈವರ್ ಗಾಡಿ ಬಿಟ್ಟ.

ಹುಡುಗಿ ಉಳಿದಳು. ಎರಡು ಬಾಟಲಿ ರಕ್ತ ಏರಿಸಿದರು. “ಇನ್ನ ಅರ್ಧ ತಾಸು ತಡ ಆಗಿದ್ರ ಹೇಳಾಕ ಬರತಿದ್ದಿಲ್ರೀ” ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಹುಬ್ಬಳ್ಳಿಯ ಆ ಸಿಗ್ನಲ್ಲು ಕಣ್ಣ ಮುಂದೆ ಬಂತು. ಅಂದು ನಮ್ಮ ಬೆನ್ನ ಹಿಂದೆ ಕೂಗುತ್ತಿದ್ದ ಗಾಡಿಯಲ್ಲಿ ಯಾರಿದ್ದರೋ, ಏನಾದರೋ? ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೋದರಿಯರೇ, ನಿಮಿಷದ ಬೆಲೆ ನಮಗೆ ಗೊತ್ತಿಲ್ಲದ್ದೇನಲ್ಲ. ಹಾಲು ಉಕ್ಕಲು ಒಂದು ನಿಮಿಷ ಸಾಕು. ಜೀವಕ್ಕೂ ಹಾಗೆಯೇ. ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಬಾಣಂತಿಗೆ ಭಾರಿ ರಕ್ತಸ್ರಾವವಾದರೆ ಎರಡು ತಾಸಿನೊಳಗೇ ಜೀವ ಹೋಗಬಹುದು. ಆ ಎರಡು ತಾಸಿನಲ್ಲಿ ಗಾಡಿ ಬರಬೇಕು, ಆಸ್ಪತ್ರೆ ಮುಟ್ಟಬೇಕು, ರಕ್ತ ಸಿಗಬೇಕು. ಒಂದು ಕೆಂಪು ದೀಪ, ಒಂದು ಟ್ರ್ಯಾಕ್ಟರು, ಒಂದು ಕ್ರಾಸು ಸೇರಿದರೆ ಎಷ್ಟು ಹೊತ್ತು ಹೋಯಿತು, ನೀವೇ ಲೆಕ್ಕ ಹಾಕಿ.

ಕಾನೂನೂ ಇದನ್ನೇ ಹೇಳುತ್ತದೆ. ಬೆಂಕಿ ಆರಿಸುವ ಗಾಡಿ, ಆಂಬುಲೆನ್ಸ್ ಬಂದರೆ ರಸ್ತೆಯ ಬದಿಗೆ ಸರಿದು ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. 2017ರ ಚಾಲನಾ ನಿಯಮಗಳಲ್ಲಿ ಅದನ್ನು ಇನ್ನೂ ಬಿಡಿಸಿ ಹೇಳಿದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಹೊಸ ಕಲಮು ಸೇರಿಸಿದರು. ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ ಎಂದು ಅದರಲ್ಲಿದೆ. ನಮ್ಮವರು ಗೆರೆ ದಾಟಿದ ದಂಡಕ್ಕೆ ಹೆದರಿದರು. ದಾರಿ ಬಿಡದಿದ್ದರೂ ದಂಡವಿದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಸರಿ, ಸೈರನ್ ಕೇಳಿತು. ಏನು ಮಾಡಬೇಕು? ಪೊಲೀಸರನ್ನೂ ಆಂಬುಲೆನ್ಸ್ ಡ್ರೈವರನನ್ನೂ ಕೇಳಿ ತಿಳಿದದ್ದನ್ನು ಅಡಿಗೆಯ ವಿಧಾನ ಬರೆದ ಹಾಗೆ ಬರೆಯುತ್ತೇನೆ. ಬೇಕಾದರೆ ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ಗಾಬರಿಯಾಗಿ ನಡುರಸ್ತೆಯಲ್ಲಿ ಗಕ್ಕನೆ ಬ್ರೇಕು ಒತ್ತಬಾರದು. ಹಾಡು ನಿಲ್ಲಿಸಿ, ಕನ್ನಡಿ ನೋಡಿ, ಸೈರನ್ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿದು, ಎಡಕ್ಕೆ ಸೂಚನೆ ದೀಪ ಹಾಕಿ, ನಿಧಾನವಾಗಿ ಎಡಕ್ಕೆ ಸರಿದು ನಿಲ್ಲಬೇಕು. ಕೆಲವರು ಬಲಕ್ಕೆ, ಕೆಲವರು ಎಡಕ್ಕೆ ಓಡಿದರೆ ಆಂಬುಲೆನ್ಸ್ ಡ್ರೈವರನಿಗೆ ದಿಕ್ಕು ತಪ್ಪುತ್ತದೆ.

ಎರಡು: ಸಿಗ್ನಲ್ಲಿನಲ್ಲಿ ಹಸಿರು ದೀಪವಿದ್ದು, ಸೈರನ್ ನಿಮ್ಮ ಹಿಂದೆ ಇದ್ದರೆ ಅಲ್ಲೇ ನಿಲ್ಲಬೇಡಿ. ಚೌಕ ದಾಟಿ, ಆಮೇಲೆ ಎಡಕ್ಕೆ ತೆಗೆದುಕೊಳ್ಳಿ.

ಮೂರು: ಕೆಂಪು ದೀಪವಿದ್ದು ನಿಮ್ಮದೇ ಮುಂದಿನ ಗಾಡಿಯಾಗಿದ್ದರೆ ಕಣ್ಣು ಮುಚ್ಚಿ ಚೌಕಕ್ಕೆ ನುಗ್ಗಬೇಡಿ. ಅಡ್ಡರಸ್ತೆಯಿಂದ ಬರುವವರಿಗೆ ಹಸಿರು ದೀಪವಿರುತ್ತದೆ, ಒಂದು ಜೀವ ಉಳಿಸಲು ಹೋಗಿ ಇನ್ನೊಂದು ಜೀವಕ್ಕೆ ಕುತ್ತು. ಪೊಲೀಸ್ ಇದ್ದರೆ ಅವನ ಕೈ ನೋಡಿ. ಇಲ್ಲದಿದ್ದರೆ ಎರಡೂ ಕಡೆ ನೋಡಿಕೊಂಡು, ಖಾಲಿ ಇದ್ದಷ್ಟೇ ಮುಂದೆ ಸರಿದು ಎಡಕ್ಕೆ ಒತ್ತಿ ನಿಲ್ಲಿ. ಒಂದು ಗಾಡಿಯ ಅಗಲ ಬಿಟ್ಟರೆ ಸಾಕು. ಹಿಂದಿನ ಸಾಲುಗಳಲ್ಲಿ ಇದ್ದವರೂ ಎಡಕ್ಕೆ ಒತ್ತಿದರೆ ಬಲಗಡೆ ದಾರಿ ತಾನಾಗಿ ಬೀಳುತ್ತದೆ.

ನಾಲ್ಕು: ಸೈರನ್ ಅಡ್ಡರಸ್ತೆಯಿಂದ ಬರುತ್ತಿದ್ದರೆ, ನಿಮಗೆ ಹಸಿರು ದೀಪವಿದ್ದರೂ ನಿಲ್ಲಿ. ಆ ಗಾಡಿ ಕೆಂಪು ದೀಪ ದಾಟಬಹುದು, ಅದಕ್ಕೆ ಆ ಅಧಿಕಾರವಿದೆ. ಮಕ್ಕಳ ಕೈ ಹಿಡಿದು ರಸ್ತೆ ದಾಟುತ್ತಿದ್ದರೂ ಇದೇ ಮಾತು.

ಐದು: ಆಂಬುಲೆನ್ಸ್ ಹೋದ ಕೂಡಲೇ ಅದರ ಬಾಲ ಹಿಡಿದು ಓಡಬೇಡಿ. ಹುಡುಗರಿಗೆ ಇದೊಂದು ಚಟ, ದಾರಿ ಪುಕ್ಕಟೆ ಸಿಕ್ಕಿತೆಂದು. ಅದು ಗಕ್ಕನೆ ನಿಂತರೆ ಹೋಗಿ ಬಡಿಯುವವರು ಇವರೇ. ಹಿಂದೆ ಇನ್ನೊಂದು ಗಾಡಿ ಬರುತ್ತಿದ್ದೀತು, ಅದನ್ನೂ ನೋಡಿ ರಸ್ತೆಗೆ ಇಳಿಯಬೇಕು.

ಕ್ಯಾಮೆರಾದ ಹೆದರಿಕೆ ಇದ್ದವರಿಗೆ ಒಂದು ಮಾತು. ಆಂಬುಲೆನ್ಸಿಗೆ ದಾರಿ ಬಿಡಲು ಗೆರೆ ದಾಟಿದವರ ದಂಡವನ್ನು ಪರಿಶೀಲಿಸಿ ತೆಗೆದುಹಾಕುವುದಾಗಿ ಬೆಂಗಳೂರಿನ ಸಂಚಾರ ಪೊಲೀಸರು 2025ರಲ್ಲಿ ಹೇಳಿದ್ದಾರೆ. ಬೇರೆ ಊರಲ್ಲಿ ನೋಟೀಸು ಬಂದರೂ ದಿನ, ವೇಳೆ ಬರೆದುಕೊಂಡು ಹೋಗಿ ಕೇಳಿರಿ. ಕೇಳುವುದರಲ್ಲಿ ತಪ್ಪೇನಿದೆ?

ಬೆಂಗಳೂರಿನದೇ ಇನ್ನೊಂದು ಸಂಗತಿ. 2017ರ ಜೂನ್ ತಿಂಗಳಲ್ಲಿ ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅಲ್ಲಿಗೆ ಬಂದಿದ್ದರು. ಟ್ರಿನಿಟಿ ವೃತ್ತದಲ್ಲಿ ಕಾವಲಿದ್ದ ಸಂಚಾರ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಎಂ.ಎಲ್. ನಿಜಲಿಂಗಪ್ಪನವರು ಆಂಬುಲೆನ್ಸೊಂದು ಸಿಕ್ಕಿಕೊಂಡದ್ದನ್ನು ಕಂಡು, ರಾಷ್ಟ್ರಪತಿಗಳ ಗಾಡಿಸಾಲನ್ನೇ ತಡೆದು ಅದನ್ನು ಮೊದಲು ಬಿಟ್ಟರು. ಇಲಾಖೆ ಬಯ್ಯಲಿಲ್ಲ, ಬಹುಮಾನ ಕೊಟ್ಟಿತು. ದೇಶದ ದೊಡ್ಡವರೇ ಕಾಯಬಹುದಾದರೆ ಸಂತೆಗೆ ಹೊರಟ ನಮಗೇನು ಅವಸರ?

ಹೊರದೇಶದಲ್ಲಿ ಇದು ರೂಢಿಯೇ ಆಗಿದೆ. ಜರ್ಮನಿಯಲ್ಲಿ ಹೆದ್ದಾರಿಯ ಮೇಲೆ ಗಾಡಿಗಳು ಕಿಕ್ಕಿರಿದು ನಿಂತರೆ, ಸೈರನ್ ಕೇಳುವುದಕ್ಕೂ ಮೊದಲೇ, ಎಡಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಬೈತಲೆ ತೆಗೆದಿರಬೇಕೆಂದು ಕಾನೂನಿದೆ. ಗದ್ದನಕೇರಿ ಕ್ರಾಸಿನ ನಮ್ಮ ಹೆಣ್ಣುಮಗಳು ಆ ಕಾನೂನು ಓದಿರಲಿಕ್ಕಿಲ್ಲ. ಅವಳಿಗೆ ತಿಳಿದದ್ದು ಇಷ್ಟೇ, ಯಾರಾದರೊಬ್ಬರು ಮೊದಲು ಸರಿಯಬೇಕು.

ಇನ್ನು ಮನೆಯಲ್ಲಿ ನಾವು ಮಾಡಬೇಕಾದದ್ದು. ಹಿಂದೆ ಕುಳಿತಾಗ ಕಿವಿ ತೆರೆದಿರಲಿ. ಸೈರನ್ ಕೇಳಿದರೆ ಹೇಳಿ, ಒಮ್ಮೆ ಹೇಳಿ ಸುಮ್ಮನಾಗಬೇಡಿ. ಟ್ರ್ಯಾಕ್ಟರ್ ನಡೆಸುವ ಮಗನಿದ್ದರೆ ಬುತ್ತಿ ಕಟ್ಟಿ ಕೊಡುವಾಗ, “ಹಾಡು ಹಚ್ಚಿಕೋ ಮಗನ, ಆದ್ರ ಹಿಂದ ಯಾರರೇ ಕೂಗಿದ್ರ ಕೇಳುವಷ್ಟು ಹಚ್ಚಿಕೋ” ಎಂದು ಹೇಳಿರಿ. ರೊಟ್ಟಿ ಕೊಟ್ಟ ಕೈಯ ಮಾತು ಪೊಲೀಸರ ಮಾತಿಗಿಂತ ಹೆಚ್ಚು ತೂಕದ್ದು.

ನೀವೇ ಗಾಡಿ ಕರೆಯುವ ಹೊತ್ತು ಬಂದರೆ, ದೇವರು ಅದನ್ನು ತಾರದಿರಲಿ, 108 ನೆನಪಿಡಿ. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಶುರುವಾದ ಸೇವೆ ಇದು, ದುಡ್ಡು ಕೊಡಬೇಕಿಲ್ಲ. ಊರ ಹೆಸರಿನ ಜೊತೆಗೆ ಗುರುತು ಹೇಳಿ, ಗುಡಿಯ ಹಿಂದೆಯೋ, ಶಾಲೆಯ ಎದುರೋ ಎಂದು. ಒಬ್ಬರನ್ನು ಬ್ಯಾಟರಿ ಕೊಟ್ಟು ರಸ್ತೆಗೆ ಕಳಿಸಿ. ಓಣಿಯಲ್ಲಿ ಅಡ್ಡ ನಿಲ್ಲಿಸಿದ ಬಂಡಿ, ಮೋಟಾರ್ ಸೈಕಲ್ಲು ತೆಗೆಸಿ. ಬಸುರಿ, ಬಾಣಂತಿ ಇದ್ದ ಮನೆಯಲ್ಲಿ ತಾಯಿ ಕಾರ್ಡು ಕೈಗೆ ಸಿಗುವ ಜಾಗದಲ್ಲಿರಲಿ. ದಾರಿ ಬಿಡುವ ಕೆಲಸ ನಮ್ಮ ಅಂಗಳದಿಂದಲೇ ಶುರು.

ನಮ್ಮೂರ ಹನುಮಪ್ಪ ಸಂಜೀವಿನಿ ತಂದ ಕತೆ ಎಲ್ಲರಿಗೂ ಗೊತ್ತು. ಬೆಳಗಾಗುವುದರೊಳಗೆ ಮುಟ್ಟಬೇಕಿತ್ತು, ಮುಟ್ಟಿದ. ಅವನಿಗೆ ಆಕಾಶದಲ್ಲಿ ದಾರಿಯಿತ್ತು. ಆಂಬುಲೆನ್ಸಿಗೆ ನಾವು ಬಿಟ್ಟರಷ್ಟೇ ದಾರಿ.

ನಮ್ಮವರು ಈಗ ಬದಲಾಗಿದ್ದಾರೆ. ಮೊನ್ನೆ ಬಾಗಲಕೋಟೆಗೆ ಹೋಗುವಾಗ ಎಲ್ಲೋ ದೂರದಲ್ಲಿ ಸೈರನ್ ಕೇಳಿತೆಂದು ಕಾರನ್ನು ಎಡಕ್ಕೆ ಇಳಿಸಿ ನಿಂತೇ ನಿಂತರು. ನೋಡಿದರೆ ಹಾಲಿನ ಗಾಡಿಯ ಹಾರ್ನು! ನಾನು ನಗಲಿಲ್ಲ. “ಚಲೋ ಮಾಡಿದ್ರಿ” ಅಂದೆ.

ಆ ಹಸಿರು ಇಳಕಲ್ ಸೀರೆಯ ಹೆಣ್ಣುಮಗಳು ಯಾರೋ, ಯಾವೂರಾಕೆಯೋ ನನಗೆ ಗೊತ್ತಿಲ್ಲ. ಈ ಪತ್ರಿಕೆ ಓದುವವಳಿದ್ದರೂ ಇರಬಹುದು. ಇದ್ದರೆ, ತಂಗೆವ್ವಾ, ನಿನಗೊಂದು ಸುದ್ದಿ: ಬಾಣಂತಿ ಎದ್ದು ಗಂಡನ ಮನೆಗೆ ಹೋದಳು. ಕೂಸಿಗೆ ಎರಡು ಹಲ್ಲು ಬಂದಾವ.