ಎರಡನೇ ಇನಿಂಗ್ಸ್ ಉಳಿಯಬೇಕು: ದೆಹಲಿ ಕನ್ನಡಿಗ ಕ್ರಿಕೆಟ್ ಪ್ರಿಯರ ಪ್ರಣಾಳಿಕೆ

705 ರನ್ ಹೊಡೆದೂ ಕಪ್ ಬಿಟ್ಟುಕೊಟ್ಟ ತಂಡದ ಕಡೆಯವರು ನಾವು. ಅದು 1981–82ರ ರಣಜಿ ಫೈನಲ್, ಇದೇ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಕರ್ನಾಟಕದ ಪರ ಬಿನ್ನಿ, ಬ್ರಿಜೇಶ್ ಪಟೇಲ್, ಕಿರ್ಮಾನಿ, ಖಾನ್ವಿಲ್ಕರ್ ನಾಲ್ವರೂ ಶತಕ ಬಾರಿಸಿದ್ದರು. ದೆಹಲಿಗೆ ಮೊಹಿಂದರ್ ಅಮರನಾಥ್ 185 ರನ್ ತಂದುಕೊಟ್ಟರು. ಆದರೂ 589ಕ್ಕೆ ಎಂಟನೇ ವಿಕೆಟ್ ಬಿತ್ತು. ಕಪ್ ಯಾರಿಗೆಂದು ತೀರ್ಮಾನಿಸುವ ಮೊದಲ ಇನಿಂಗ್ಸ್ ಮುನ್ನಡೆಗೆ ಇನ್ನೂ ನೂರಕ್ಕೂ ಹೆಚ್ಚು ರನ್ ಬೇಕಿತ್ತು. ಆಗ ರಾಕೇಶ್ ಶುಕ್ಲಾ ಜೊತೆ ನಿಂತವರು ರಾಜೇಶ್ ಪೀಟರ್, ತಂಡಕ್ಕೆ ಬಂದದ್ದು ಬೌಲಿಂಗ್ ಮಾಡಲು. ಇಬ್ಬರೂ ಔಟಾಗದೆ 118 ರನ್ ಸೇರಿಸಿದರು. ದೆಹಲಿ 8ಕ್ಕೆ 707. ಎರಡೇ ಇನಿಂಗ್ಸಿನಲ್ಲಿ 1412 ರನ್, ಅಂತರ ಬರೀ ಎರಡು.

ಆ ಸೋಲಿನ ಕಥೆ ಹೇಳುವಾಗ ನಮ್ಮ ಹಿರಿಯರ ದನಿ ಇವತ್ತಿಗೂ ಭಾರವಾಗುತ್ತದೆ. ಆದರೆ ಅವರಲ್ಲಿ ಒಬ್ಬರೂ ಆ ಪಂದ್ಯ ನಡೆಯಬಾರದಿತ್ತು ಎಂದದ್ದನ್ನು ನಾವು ಕೇಳಿಲ್ಲ. ಬಾಲಂಗೋಚಿ ಎನಿಸಿಕೊಂಡವನಿಗೂ ಬೇಕಾದಷ್ಟು ಹೊತ್ತು ಕೊಟ್ಟು, ಏನು ಮಾಡುತ್ತೀಯೋ ಮಾಡಿ ತೋರಿಸು ಎಂದು ಕಾದು ಕೂರುವ ಆಟ ಅದು. ಆ ಹೊತ್ತು ಈಗ ಕೈಬಿಟ್ಟು ಹೋಗುತ್ತಿದೆ ಎಂಬ ಅಳುಕು ನಮ್ಮನ್ನು ಒಟ್ಟುಗೂಡಿಸಿದೆ.

ನಾವು ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ, ಮಯೂರ್ ವಿಹಾರದ ಫ್ಲ್ಯಾಟುಗಳಲ್ಲಿ, ನೋಯ್ಡಾ–ಗುರುಗ್ರಾಮದ ಬಾಡಿಗೆ ಮನೆಗಳಲ್ಲಿ ಇರುವ ಕನ್ನಡಿಗರು. ಕೆಲವರು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಬಂದು ಇಲ್ಲೇ ನಿವೃತ್ತರಾದವರು, ಕೆಲವರು ಹೋದ ವರ್ಷ ಕೆಲಸ ಸಿಕ್ಕಿ ವಿಮಾನ ಇಳಿದವರು. ನಮ್ಮ ಚಳವಳಿಗೆ ನೋಂದಣಿ ಇಲ್ಲ, ಅಧ್ಯಕ್ಷರಿಲ್ಲ. ಐದು ದಿನದ ಟೆಸ್ಟ್, ನಾಲ್ಕು ದಿನದ ರಣಜಿ, ಎರಡು ದಿನದ ಶಾಲಾ ಪಂದ್ಯ ಇವು ಬದುಕಬೇಕು ಎಂಬುದಷ್ಟೇ ನಮ್ಮನ್ನು ಕಟ್ಟಿರುವ ದಾರ.

ಮೊದಲೇ ಹೇಳಿಬಿಡುತ್ತೇವೆ, ಚುಟುಕು ಕ್ರಿಕೆಟ್ಟಿನ ಮೇಲೆ ನಮಗೆ ದ್ವೇಷವಿಲ್ಲ. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಎನ್ನುತ್ತ ಬಂದವರು ನಾವೂ ಹೌದು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಗೆದ್ದಾಗ ನಮ್ಮ ಮನೆಗಳಲ್ಲೂ ಕಣ್ಣು ತುಂಬಿದ್ದವು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ಆ ಗೆಲುವನ್ನು ನೆನೆದಾಗಲೆಲ್ಲ ಅವರನ್ನೂ ನೆನೆಯುತ್ತೇವೆ. ಅವರ ಸಾವನ್ನು ನಮ್ಮ ವಾದಕ್ಕೆ ಎಳೆದು ತರುವುದಿಲ್ಲ. ಟಿ20 ಆಡುವುದು ಸುಲಭ ಎಂದೂ ನಾವು ಹೇಳುವುದಿಲ್ಲ. 2009ರಲ್ಲಿ ಕೇಪ್‌ಟೌನ್‌ನಲ್ಲಿ ರಾಜಸ್ಥಾನದ ಮೇಲೆ ಕುಂಬ್ಳೆ ಐದೇ ರನ್ ಕೊಟ್ಟು ಐದು ವಿಕೆಟ್ ತೆಗೆದಿದ್ದರು. ದ್ರಾವಿಡ್ ತಾವಾಡಿದ ಏಕೈಕ ಅಂತರರಾಷ್ಟ್ರೀಯ ಟಿ20ಯಲ್ಲಿ, 2011ರಲ್ಲಿ ಮ್ಯಾಂಚೆಸ್ಟರಿನಲ್ಲಿ, ಸತತ ಮೂರು ಸಿಕ್ಸರ್ ಎತ್ತಿದರು. ಕಚೇರಿ ಮುಗಿಸಿ ಬರುವ ತಾಯಿಗೆ, ದಿನಗೂಲಿ ಬಿಡಲಾಗದ ಮನುಷ್ಯನಿಗೆ ಮೂರೂವರೆ ಗಂಟೆಯ ಆಟ ಎಷ್ಟು ದೊಡ್ಡ ಉಪಕಾರ ಎಂಬುದೂ ನಮಗೆ ಗೊತ್ತು.

ಅನುಮಾನ ಬೇರೆಯದು. ಅದನ್ನು ಹೇಳಲು ಮತ್ತೆ ಕೋಟ್ಲಾಕ್ಕೇ ಹೋಗಬೇಕು.

1999ರ ಫೆಬ್ರುವರಿ 7, ಭಾನುವಾರ. ಪಾಕಿಸ್ತಾನಕ್ಕೆ 420 ರನ್ ಗುರಿ. ಸಯೀದ್ ಅನ್ವರ್ ಮತ್ತು ಅಫ್ರಿದಿ ವಿಕೆಟ್ ಕೊಡದೆ 101ರವರೆಗೆ ಬಂದರು. ನಮ್ಮಲ್ಲಿ ಒಬ್ಬರು ಅಂದು ಅಣ್ಣನ ಜೊತೆ ಸ್ಟ್ಯಾಂಡಿನಲ್ಲಿದ್ದರು. ಊಟದ ಹೊತ್ತಿಗೆ ಸುತ್ತಲಿನವರು ಗಂಟು ಕಟ್ಟಿ ಮನೆಗೆ ಹೊರಡುವ ಮಾತಾಡುತ್ತಿದ್ದರಂತೆ. ಆಗ ಕುಂಬ್ಳೆ ಹೆಸರಿನಲ್ಲಿ ಒಂದೂ ವಿಕೆಟ್ ಇರಲಿಲ್ಲ. ಟಿ20 ಲೆಕ್ಕದಲ್ಲಾದರೆ ಅವರ ಪಾಲಿನ ನಾಲ್ಕು ಓವರ್ ಅಷ್ಟರಲ್ಲೇ ತೀರಿ, ಬೌಂಡರಿ ಹತ್ತಿರ ಫೀಲ್ಡಿಂಗ್ ಮಾಡುತ್ತ ನಿಲ್ಲುವ ಸರದಿ. ಆದರೆ ಅದು ಟೆಸ್ಟ್. ಊಟ ಮಾಡಿ ಬಂದವರು ಇನ್ನೊಂದು ತುದಿಯಿಂದ, ಪೆವಿಲಿಯನ್ ಕಡೆಯಿಂದ, ಚೆಂಡು ಹಿಡಿದರು. ಅಫ್ರಿದಿ ಹೋದರು, ಎಜಾಜ್ ಹೋದರು, ಇನ್ಜಮಾಮ್, ಯೂಸುಫ್. ಒಂಬತ್ತು ಬಿದ್ದ ಮೇಲೆ ಮೈಸೂರಿನ ಶ್ರೀನಾಥ್ ಇನ್ನೊಂದು ತುದಿಯಿಂದ ಬೇಕೆಂದೇ ಆಫ್ ಸ್ಟಂಪಿನಿಂದ ಮಾರು ದೂರ ಎಸೆಯುತ್ತ ಹೋದರು, ಹತ್ತನೆಯದು ಗೆಳೆಯನಿಗೇ ಸಿಗಲಿ ಎಂದು. ಅಂಪೈರ್ ಜಯಪ್ರಕಾಶ್ ಕೂಡ ನಮ್ಮೂರವರು. ಅಕ್ರಮ್ ಹೊಡೆದದ್ದನ್ನು ಲಕ್ಷ್ಮಣ್ ಹಿಡಿದಾಗ ಲೆಕ್ಕ ಹೀಗಿತ್ತು: 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ಅದಕ್ಕೆ ಮೊದಲು ಟೆಸ್ಟಿನಲ್ಲಿ ಹತ್ತೂ ವಿಕೆಟ್ ತೆಗೆದಿದ್ದವರು 1956ರ ಜಿಮ್ ಲೇಕರ್ ಒಬ್ಬರೇ.

159 ಎಸೆತ. ಚುಟುಕು ಕ್ರಿಕೆಟ್ ಬೌಲರಿಗೆ ಕೊಡುವುದು 24. ಬೆಳಗ್ಗೆ ಹೊಡೆಸಿಕೊಂಡವನು ಸಂಜೆ ಹಿಂದಿರುಗಿ ಬರುವುದಕ್ಕೆ ಬೇಕಾದ ಜಾಗ ಆ ಎರಡು ಸಂಖ್ಯೆಗಳ ನಡುವೆ ಇದೆ. ನಮ್ಮ ಇಡೀ ಜಗಳ ಆ ಜಾಗಕ್ಕಾಗಿ.

ಬ್ಯಾಟ್ ಹಿಡಿದವನಿಗೆ ಆ ಜಾಗದ ಹೆಸರು ಎರಡನೇ ಇನಿಂಗ್ಸ್. 2025ರ ಅಕ್ಟೋಬರಿನಲ್ಲಿ ಇದೇ ಕೋಟ್ಲಾದಲ್ಲಿ ವೆಸ್ಟ್ ಇಂಡೀಸ್ 248ಕ್ಕೆ ಕುಸಿದು ಫಾಲೋ ಆನ್ ಪಡೆಯಿತು. ಮೊದಲ ಸರದಿಯಲ್ಲಿ 10 ರನ್ನಿಗೆ ಹೋಗಿದ್ದ ಜಾನ್ ಕ್ಯಾಂಬೆಲ್ ಮತ್ತೆ ಬಂದು 115 ಹೊಡೆದರು, ಅವರ ಮೊದಲ ಟೆಸ್ಟ್ ಶತಕ. ಶಾಯ್ ಹೋಪ್ 2017ರ ನಂತರ ಮೊದಲ ಬಾರಿ ಟೆಸ್ಟಿನಲ್ಲಿ ನೂರು ದಾಟಿದರು. ಕೊನೆಯ ಜೋಡಿ ಗ್ರೀವ್ಸ್ ಮತ್ತು ಸೀಲ್ಸ್ 79 ರನ್ ಸೇರಿಸಿ ಭಾರತವನ್ನು ಐದನೇ ದಿನಕ್ಕೆ ಎಳೆದು ತಂದರು. ಆ ದಿನ ಬೆಳಗ್ಗೆ ನಮ್ಮ ಮಂಗಳೂರಿನ ಹುಡುಗ ಕೆ.ಎಲ್. ರಾಹುಲ್ ಅಜೇಯ 58 ಹೊಡೆದು ಪಂದ್ಯ ಮುಗಿಸಿದರು. ಭಾರತ ಗೆದ್ದಿತು, ಸಂತೋಷ. ಆದರೆ ಸ್ಟ್ಯಾಂಡಿನಲ್ಲಿದ್ದ ನಾವು ಮನೆಗೆ ತಂದ ಮಾತು ಕ್ಯಾಂಬೆಲ್‌ನದು. ಊರು ಬಿಟ್ಟು ಬಂದು, ಒಮ್ಮೆ ಸೋತು, ಮತ್ತೆ ನಿಂತವರಿಗೆ ಆ 115ರ ರುಚಿ ಗೊತ್ತು.

ಇನ್ನೊಂದು ಪಂದ್ಯವನ್ನಂತೂ ಬಿಡಲಾಗದು. 2015ರ ಡಿಸೆಂಬರ್. ಅದೇ ವರ್ಷದ ಜನವರಿಯಲ್ಲಿ ಎಬಿ ಡಿವಿಲಿಯರ್ಸ್ 31 ಎಸೆತದಲ್ಲಿ ಏಕದಿನ ಶತಕ ಬಾರಿಸಿದ್ದರು; ಬೆಂಗಳೂರು ಅವರನ್ನು ಆಪದ್ಬಾಂಧವ ಎಂದು ಕರೆಯುತ್ತಿತ್ತು. ಅದೇ ಮನುಷ್ಯ ಕೋಟ್ಲಾದಲ್ಲಿ ಪಂದ್ಯ ಉಳಿಸಲು ನಿಂತರು. 297 ಎಸೆತ, 43 ರನ್. ಜೊತೆಯಲ್ಲಿ ಹಾಶಿಮ್ ಆಮ್ಲಾ, 244 ಎಸೆತಕ್ಕೆ 25. ದಕ್ಷಿಣ ಆಫ್ರಿಕಾ 143.1 ಓವರ್ ಆಡಿ 143 ರನ್ನಿಗೆ ಔಟಾಗಿ ಸೋತಿತು. ಅದನ್ನು ಬೇಸರದ ಆಟ ಎಂದವರಿದ್ದರು. ಮುಂದೆ ಆರು ಫೀಲ್ಡರು ಬಾಯಿ ತೆರೆದು ಕೂತಂತೆ ಸುತ್ತುವರಿದಿರುವಾಗ, ಅಶ್ವಿನ್ ಮತ್ತು ಜಡೇಜಾ ಬಿಡದೆ ತಿರುಗಿಸುತ್ತಿರುವಾಗ, ಹೊಡೆಯುವ ಕೈಯನ್ನು ತಾನೇ ಕಟ್ಟಿಹಾಕಿಕೊಂಡ ಆ ಛಲವನ್ನು ನೋಡಿದವರು ಯಾರೂ ಹಾಗೆ ಹೇಳಲಾರರು. ಸೋಲದೆ ಉಳಿಯುವುದಕ್ಕಾಗಿಯೂ ಹೋರಾಡಬಹುದು ಎಂಬುದನ್ನು ಟಿ20 ಯಾವ ಮಗುವಿಗೂ ಕಲಿಸಲಾರದು, ಅಲ್ಲಿ ಡ್ರಾ ಎಂಬುದೇ ಇಲ್ಲ.

ಮಗುವಿನ ಮಾತು ಬಂತು. ದ್ವಾರಕಾದ ಕಡೆ ಒಂದು ಕೋಚಿಂಗ್ ಕೇಂದ್ರ, ಹೆಸರು ಬೇಡ. ನಮ್ಮವರೊಬ್ಬರ ಮಗ, ಹನ್ನೊಂದು ವರ್ಷ, ಒಳ್ಳೆಯ ಚೆಂಡನ್ನು ಮುಂದೆ ಕಾಲಿಟ್ಟು ನೆಲಕ್ಕೆ ಒತ್ತಿ ನಿಲ್ಲಿಸಿದ. ನೆಟ್ಸಿನ ಹಿಂದಿನಿಂದ ಕೂಗು ಬಂತು: ‘ರೋಕ್ ಮತ್ ಬೇಟಾ, ಮಾರ್!’ ತಡೆಯಬೇಡ ಮಗಾ, ಹೊಡಿ ಎಂದು. ಆ ವರ್ಷ ಅವನು ಆಡಿದ್ದೆಲ್ಲ ಇಪ್ಪತ್ತು ಓವರಿನ, ಹದಿನೈದು ಓವರಿನ ಪಂದ್ಯ. ಏಳನೇ ಕ್ರಮಾಂಕದವನು, ಹೆಚ್ಚಿನ ದಿನ ಪ್ಯಾಡ್ ಕಟ್ಟಿಕೊಂಡು ಕೂತು ಬಿಚ್ಚಿಟ್ಟು ಮನೆಗೆ ಬಂದ. ದ್ರಾವಿಡ್ ಟೆಸ್ಟ್ ಕ್ರಿಕೆಟ್ಟಿನಲ್ಲಿ ಎದುರಿಸಿದ ಎಸೆತ 31,258, ಬೇರೆ ಯಾರೂ ಅಷ್ಟು ಎದುರಿಸಿಲ್ಲ. ಅಂಥ ಇನ್ನೊಬ್ಬ ಹುಟ್ಟುವುದಾದರೆ ಅವನಿಗೆ ಈಗ ಹನ್ನೊಂದು ವರ್ಷ, ಎಲ್ಲೋ ಅವನಿಗೂ ‘ಮಾರ್’ ಎಂದು ಕೂಗುತ್ತಿದ್ದಾರೆ.

ಹೆಣ್ಣುಮಕ್ಕಳ ಪಾಲಿಗಂತೂ ಇದು ಅನುಮಾನ ಮಾತ್ರವಾಗಿ ಉಳಿದಿಲ್ಲ, ಆಗಿಹೋದ ಅನ್ಯಾಯ. 2014ರ ನವೆಂಬರಿನಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕಾವನ್ನು ಇನಿಂಗ್ಸ್ ಅಂತರದಿಂದ ಸೋಲಿಸಿದರು. ಅದಾದ ಮೇಲೆ ಅವರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 2021ರ ಜೂನಿನಲ್ಲಿ. ಆರೂವರೆ ವರ್ಷ! ಕಡೂರಿನ ವೇದಾ ಕೃಷ್ಣಮೂರ್ತಿ ಭಾರತದ ಪರ ನೂರಕ್ಕೂ ಹೆಚ್ಚು ಸೀಮಿತ ಓವರುಗಳ ಪಂದ್ಯ ಆಡಿದರು, ಟೆಸ್ಟ್ ಒಂದೂ ಇಲ್ಲ. 2023ರ ಡಿಸೆಂಬರಿನಲ್ಲಿ ಕರ್ನಾಟಕದ ಶುಭಾ ಸತೀಶ್ ಪದಾರ್ಪಣೆಯ ಟೆಸ್ಟಿನಲ್ಲೇ ಇಂಗ್ಲೆಂಡ್ ಎದುರು 69 ಹೊಡೆದಾಗ ನಮಗೆ ಹೆಮ್ಮೆಯ ಜೊತೆಗೇ ನೆನಪಾದದ್ದು ವೇದಾ.

ದುಡ್ಡಿನ ಮಾತು ಚಿಕ್ಕದು. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಹಣ ಬರಲಿ, ಆಟಗಾರರ ಮನೆ ಬೆಳಗಲಿ. ಆದರೆ ಕ್ಯಾಲೆಂಡರು ಆ ಹಣದ ಸುತ್ತಲೇ ತಿರುಗಬಾರದು. 2024–25ರಲ್ಲಿ ರಣಜಿಯನ್ನು ನಡುವೆ ಸೀಳಿ, ಆ ಬಿರುಕಿನಲ್ಲಿ ಸೀಮಿತ ಓವರುಗಳ ಟೂರ್ನಿಗಳನ್ನು ತುರುಕಿದರು. ನವೆಂಬರಿನಲ್ಲಿ ಲಯ ಕಂಡುಕೊಂಡ ಹುಡುಗ ಮುಂದಿನ ನಾಲ್ಕು ದಿನದ ಪಂದ್ಯಕ್ಕೆ ಜನವರಿಯವರೆಗೆ ಕಾಯಬೇಕಾಯಿತು.

ನಮ್ಮದೂ ತಪ್ಪಿದೆ. 2025ರ ಜನವರಿ ಕೊನೆಯಲ್ಲಿ ವಿರಾಟ್ ಕೊಹ್ಲಿ ರೈಲ್ವೇಸ್ ವಿರುದ್ಧ ರಣಜಿ ಆಡಲು ಕೋಟ್ಲಾಕ್ಕೆ ಬಂದಾಗ ಸಾವಿರಾರು ಜನ ನಸುಕಿನಿಂದಲೇ ಸಾಲು ನಿಂತರು. ಕೊಹ್ಲಿ 6 ರನ್ನಿಗೆ ಬೌಲ್ಡ್ ಆದರು, ಸ್ಟ್ಯಾಂಡುಗಳು ಖಾಲಿಯಾಗತೊಡಗಿದವು. ಎದ್ದು ಹೋದವರಲ್ಲಿ ನಮ್ಮವರೂ ಇದ್ದರು. ಅವತ್ತು ಉಳಿದ ಆಟವನ್ನು ಆಡಿದ ಹುಡುಗರ ಬೆನ್ನು ನೋಡುತ್ತ ನಾವು ಗೇಟಿನ ಕಡೆ ನಡೆದೆವು. ಈ ಪ್ರಣಾಳಿಕೆಯ ಮೊದಲ ಸಾಲು ಅವತ್ತೇ ಹುಟ್ಟಿತು.

ಆದ್ದರಿಂದ ಕೇಳುವುದಕ್ಕೆ ಮೊದಲು ಮಾಡುವುದನ್ನು ಹೇಳುತ್ತೇವೆ. ದೆಹಲಿಯಲ್ಲಿ ನಡೆಯುವ ಪ್ರತಿಯೊಂದು ರಣಜಿ ಪಂದ್ಯದ ನಾಲ್ಕೂ ದಿನ, ಕೋಟ್ಲಾ ಇರಲಿ ಬೇರೆ ಮೈದಾನವಿರಲಿ, ನಮ್ಮಲ್ಲಿ ಯಾರಾದರೂ ಇದ್ದೇ ಇರುತ್ತೇವೆ. ನೌಕರಿಯವರು ರಜೆ ಹಂಚಿಕೊಳ್ಳುತ್ತೇವೆ, ನಿವೃತ್ತರು ವಾರದ ದಿನಗಳನ್ನು ಹೊರುತ್ತಾರೆ. ಕರ್ನಾಟಕ ಬಂದಾಗ ಎಲ್ಲರೂ. ಮಕ್ಕಳಿಗೆ ಸ್ಕೋರ್ ಬುಕ್ ಬರೆಯುವುದನ್ನು ಕಲಿಸುತ್ತೇವೆ. ಚುಕ್ಕೆ ಹಾಕುವ ಕೈಗೆ ಚುಕ್ಕೆಯ ಬೆಲೆ ತಿಳಿಯುತ್ತದೆ. ಹದಿನಾಲ್ಕು ವರ್ಷದೊಳಗಿನವರಿಗೆ, ಹುಡುಗಿಯರಿಗೂ, ಎರಡು ಇನಿಂಗ್ಸಿನ ಎರಡು ದಿನದ ಪಂದ್ಯಗಳನ್ನು ವಾರಾಂತ್ಯದಲ್ಲಿ ನಾವೇ ಏರ್ಪಡಿಸುತ್ತೇವೆ. ಮೈದಾನದ ಬಾಡಿಗೆಯನ್ನು ನಮ್ಮ ಜೇಬಿನಿಂದ ಕಟ್ಟುತ್ತೇವೆ. ಅಲ್ಲಿ ಹನ್ನೊಂದನೆಯವನಿಗೂ ಬ್ಯಾಟಿಂಗ್ ಸಿಗಬೇಕು, ಡ್ರಾ ಆದರೆ ಇಬ್ಬರಿಗೂ ಕೈ ತಟ್ಟಬೇಕು.

ಬಿಸಿಸಿಐಗೆ ನಮ್ಮ ಬೇಡಿಕೆ: ರಣಜಿ ಋತುವನ್ನು ಸೀಳದೆ ಒಂದೇ ಓಟದಲ್ಲಿ ಮುಗಿಸಿ. ಮಹಿಳೆಯರಿಗೆ ಪ್ರತಿ ವರ್ಷ ಟೆಸ್ಟ್ ಇರಲಿ, ಮೈಸೂರಿಗೂ ಮತ್ತೆ ಒಂದು ಬರಲಿ. ಎರಡೇ ಟೆಸ್ಟಿನ ಸರಣಿಯನ್ನು ಸರಣಿ ಎನ್ನಬೇಡಿ. ಮೊದಲೆರಡು ಪಂದ್ಯ ಸೋತ ತಂಡಕ್ಕೆ ಮೂರನೆಯದು ಬೇಕು. ದೆಹಲಿಗೆ ಪಂದ್ಯ ಕೊಡುವಾಗ ಇಲ್ಲಿನ ಗಾಳಿಯನ್ನು ನೋಡಿ ಕೊಡಿ. 2016ರ ನವೆಂಬರಿನಲ್ಲಿ ಹೊಗೆಮಂಜಿಗೆ ಇಲ್ಲಿನ ರಣಜಿ ಪಂದ್ಯಗಳೇ ರದ್ದಾದವು, 2017ರ ಡಿಸೆಂಬರಿನಲ್ಲಿ ಶ್ರೀಲಂಕಾದವರು ಮುಖಗವಸು ಹಾಕಿ ಫೀಲ್ಡಿಂಗ್ ಮಾಡಿದರು. ಐದು ದಿನ ನಿಂತು ಆಡುವವನ ಶ್ವಾಸಕೋಶವನ್ನು ನಮ್ಮ ಆಸೆಗೆ ಒತ್ತೆ ಇಡಲು ನಾವು ಒಪ್ಪುವುದಿಲ್ಲ. ಫೆಬ್ರುವರಿ, ಮಾರ್ಚ್ ಇವೆಯಲ್ಲ, ದೆಹಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂರಲು ಅದಕ್ಕಿಂತ ಹಿತವಾದ ಕಾಲ ಯಾವುದು?

ಸೇರಲು ಅರ್ಜಿ ಬೇಡ. ಮುಂದಿನ ರಣಜಿ ಪಂದ್ಯದ ಬೆಳಗ್ಗೆ ದೆಹಲಿ ಗೇಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಕೋಟ್ಲಾದ ಕಡೆ ನಡೆದು ಬನ್ನಿ. ಒಂಬತ್ತೂವರೆಗೆ ಆಟ ಶುರು. ಸ್ಟ್ಯಾಂಡಿನಲ್ಲಿ ಕನ್ನಡ ಕೇಳಿಸಿದ ಕಡೆ ಬಂದು ಕೂತುಕೊಳ್ಳಿ. ಸ್ವೆಟರ್ ಇರಲಿ, ಮಧ್ಯಾಹ್ನಕ್ಕೆ ಟೊಪ್ಪಿ ಇರಲಿ. ಪೆನ್ಸಿಲ್ ಎರಡು ತನ್ನಿ, ಒಂದು ಪಕ್ಕದ ಮಗುವಿಗೆ.