ಗೆದ್ದು ಬಂದವರ ಮುಂದಿನ ಬಾಳು

ಜಯವನ್ನು ಕೊಂಡಾಡುವದರಲ್ಲಿ ನಮ್ಮ ಜನರು ಯಾವ ನಾಡಿನವರಿಗೂ ಹಿಂದೆ ಬಿದ್ದವರಲ್ಲ. ಪದಕವನ್ನು ಗೆದ್ದ ತರುಣನು ಊರಿಗೆ ಬಂದನೆಂದರೆ ಹಲಗೆ-ಡೊಳ್ಳುಗಳ ಮೆರವಣಿಗೆ, ಹೂಮಾಲೆಗಳ ರಾಶಿ, ಗಣ್ಯರ ಭಾಷಣ, ವರ್ತಮಾನಪತ್ರಗಳಲ್ಲಿ ಭಾವಚಿತ್ರ, ಎಲ್ಲವೂ ಆಗುವವು, ಆಗತಕ್ಕವೂ ಅಹುದು. ಆದರೆ ಮಾಲೆಯು ಬಾಡಿದ ತರುವಾಯ ಆ ತರುಣನ ಜೀವನೋಪಾಯವೇನು, ಹತ್ತು ವರುಷಗಳ ಮೇಲೆ ಅವನ ಮೊಣಕಾಲು ಕೆಟ್ಟರೆ ಔಷಧೋಪಚಾರದ ವೆಚ್ಚವನ್ನು ಯಾರು ಕೊಡುವರು, ಆಟವನ್ನು ಬಿಟ್ಟ ಮೇಲೆ ಉಳಿಯುವ ಮೂವತ್ತು-ನಾಲ್ವತ್ತು ವರುಷಗಳನ್ನು ಅವನು ಯಾವ ಉದ್ಯೋಗದಿಂದ ಸಾಗಿಸಬೇಕು ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನೇ ಇಂದು ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಇದಕ್ಕೆ ದೂರದ ಉದಾಹರಣೆ ಬೇಡ. ಕೂಡಲ ಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಳ್ಳುವ ಕೃಷ್ಣೆಯು ಅದಕ್ಕೂ ಬಹು ಮೊದಲು ಕರಾಡದಲ್ಲಿ ಕೊಯನೆಯನ್ನು ಕೂಡಿಕೊಂಡು ಬರುವಳು. ಆ ಕರಾಡದ ಮಗ್ಗುಲಲ್ಲಿರುವ ಗೋಳೇಶ್ವರವೆಂಬ ಹಳ್ಳಿಯಲ್ಲಿ 1926ನೆಯ ಇಸವಿಯ ಜನೇವರಿ 15ರಂದು ಖಾಶಾಬಾ ದಾದಾಸಾಹೇಬ ಜಾಧವರು ಹುಟ್ಟಿದರು. ತಂದೆಯೂ ಪೈಲವಾನರೇ. 1948ರಲ್ಲಿ ಕೊಲ್ಲಾಪುರದ ಮಹಾರಾಜರ ಧನಸಹಾಯದಿಂದ ಲಂಡನ್ನಿನ ಒಲಿಂಪಿಕ್ ಕೂಟಕ್ಕೆ ಹೋಗಿ, ಮಣ್ಣಿನ ಕಣದಲ್ಲಿ ಬೆಳೆದ ಆ ಜಟ್ಟಿಯು ಚಾಪೆಯ ಮೇಲಿನ ಕುಸ್ತಿಯಲ್ಲಿ ಆರನೆಯ ಸ್ಥಾನವನ್ನು ಪಡೆದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣ ಸಾಲದೆ ಚಂದಾ ಎತ್ತಬೇಕಾಯಿತು. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿಗಳನ್ನು ಒದಗಿಸಿದರು. ಹೀಗೆ ಹೋದವರು ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತದಲ್ಲಿ ಒಬ್ಬನೇ ವ್ಯಕ್ತಿಯು ಗಳಿಸಿದ ಮೊದಲನೆಯ ಒಲಿಂಪಿಕ್ ಪದಕವದು. ಅಂಥ ಎರಡನೆಯ ಪದಕವನ್ನು ಲಿಯಾಂಡರ್ ಪೇಸರು 1996ರಲ್ಲಿ ತರುವವರೆಗೆ ದೇಶವು 44 ವರುಷ ಕಾಯಬೇಕಾಯಿತು.

1952ರಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದಗಳು ವಿಜಾಪುರ ಜಿಲ್ಲೆಯೊಡನೆ ಮುಂಬಯಿ ರಾಜ್ಯದಲ್ಲಿದ್ದವೆಂಬುದನ್ನು ವಾಚಕರು ನೆನೆಯಬೇಕು. ಜಾಧವರ ರಾಜ್ಯವೇ ಅಂದು ನಮ್ಮ ರಾಜ್ಯವಾಗಿತ್ತು. ಆದುದರಿಂದ ಅವರ ಕೀರ್ತಿಯಲ್ಲಿ ನಮಗೆ ಪಾಲು ಉಂಟು; ಅವರಿಗಾದ ಅನಾದರದ ಹೊಣೆಯಲ್ಲಿಯೂ ಪಾಲು ಉಂಟು.

ಪದಕವನ್ನು ತಂದ ಜಾಧವರನ್ನು ಕರಾಡದ ನಿಲ್ದಾಣದಿಂದ 151 ಎತ್ತಿನ ಬಂಡಿಗಳ ಮೆರವಣಿಗೆಯಲ್ಲಿ ಊರವರು ಕರೆದೊಯ್ದರಂತೆ. ಹಳ್ಳಿಗರು ತಮ್ಮ ಕರ್ತವ್ಯವನ್ನು ಮನದಣಿಯೆ ಮಾಡಿದರು. ಮುಂದೇನಾಯಿತು? ಮನೆಯನ್ನು ಒತ್ತೆಯಿಟ್ಟ ಗುರುಗಳ ಋಣವನ್ನು ತೀರಿಸಲು ಒಲಿಂಪಿಕ್ ಪದಕದ ಒಡೆಯನು ಮತ್ತೆ ಕೊಲ್ಲಾಪುರದ ಕಣಕ್ಕಿಳಿದು ಕುಸ್ತಿಯಾಡಿ ಹಣ ಗಳಿಸಬೇಕಾಯಿತು. 1955ರಲ್ಲಿ ಅವರು ಪೋಲೀಸ ಇಲಾಖೆಯಲ್ಲಿ ಸಬ್ ಇನ್ಸ್ಪೆಕ್ಟರರಾಗಿ ಸೇರಿದರು. ಮೊಣಕಾಲಿನ ಪೆಟ್ಟಿನಿಂದಾಗಿ 1956ರ ಒಲಿಂಪಿಕ್ ಕೂಟವು ತಪ್ಪಿತು. ಬಡತಿಯು ಬಹುಕಾಲ ಬರಲಿಲ್ಲ. ಸಹಾಯಕ ಕಮಿಶನರರೆಂಬ ಹುದ್ದೆಯು ಸೇವೆಯ ಕೊನೆಗೆ ದೊರೆಯಿತು. ನಿವೃತ್ತರಾದ ಮೇಲೆ ಪೆನ್ಶನ್ನಿಗಾಗಿ ಕಚೇರಿಯ ಮೆಟ್ಟಿಲುಗಳನ್ನು ಹತ್ತಿಳಿಯುವ ದುರ್ದೆಸೆಯೂ ಬಂದಿತು. 1984ರ ಆಗಸ್ಟ 14ರಂದು ರಸ್ತೆಯ ಅಪಘಾತದಲ್ಲಿ ಅವರು ತೀರಿಕೊಂಡರು. ಅರ್ಜುನ ಪ್ರಶಸ್ತಿಯು 2000ನೆಯ ಇಸವಿಯ ಲೆಕ್ಕದಲ್ಲಿ ಅವರಿಗೆ ಸಂದಿತು, ಎಂದರೆ ಅದನ್ನು ಕೊಳ್ಳುವ ಕೈ ಇಲ್ಲವಾಗಿ ಹದಿನಾರು ವರುಷಗಳಾದ ಮೇಲೆ. 2010ರ ಕಾಮನ್‌ವೆಲ್ತ್ ಕೂಟದ ಕಾಲಕ್ಕೆ ದಿಲ್ಲಿಯ ಕುಸ್ತಿಯ ಸಭಾಂಗಣಕ್ಕೆ ಅವರ ಹೆಸರನ್ನಿಟ್ಟರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಜಾಧವರಿಗೆ ಗೌರವವೇ ದೊರೆಯಲಿಲ್ಲವೆನ್ನುವಂತಿಲ್ಲ. ಮೆರವಣಿಗೆಯು ಗೆದ್ದ ಕೂಡಲೆ ಆಯಿತು. ನಾಮಕರಣವು ಸತ್ತ ತರುವಾಯ ಆಯಿತು. ನಡುವಿನ ಮೂವತ್ತೆರಡು ವರುಷಗಳಲ್ಲಿ ಮಾತ್ರ ನಾಡು ಅವರ ಕಡೆಗೆ ನೆಟ್ಟಗೆ ನೋಡಲಿಲ್ಲ. ಮನುಷ್ಯನು ಉಂಡು, ಉಟ್ಟು, ಮಕ್ಕಳನ್ನು ಸಲಹಿ ಬದುಕುವದು ಆ ನಡುವಿನ ಕಾಲದಲ್ಲಿಯೇ ಅಲ್ಲವೆ?

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಬಲ್ಲವರಾಗಿದ್ದರು. ಕನ್ನಡ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳನ್ನು ನಮ್ಮ ವಾಚಕರು ಕಂಡೇ ಕಂಡಿರುವರು. ತುರುಗಳನ್ನು ಮರಳಿಸಲು, ಊರನ್ನು ಕಾಯಲು ಕಾದಿ ಮಡಿದವನಿಗೆ ಊರು ಕಲ್ಲನ್ನು ನಿಲ್ಲಿಸಿತು; ಅದು ಎಲ್ಲರ ಕಣ್ಣಿಗೆ ಕಾಣುವ ಸಂಗತಿ. ಆದರೆ ಶಾಸನಗಳನ್ನು ಓದಿದವರಿಗೆ ನೆತ್ತರುಗೊಡಗೆ ಎಂಬ ಮಾತೂ ಗೊತ್ತಿರುವದು. ವೀರನ ಮನೆತನದವರಿಗೆ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ಕಲ್ಲು ಕೀರ್ತಿಗೆ, ಹೊಲ ಹೊಟ್ಟೆಗೆ. ಎರಡೂ ಕೂಡಿದಾಗ ಸನ್ಮಾನವು ಪೂರ್ಣವಾಗುತ್ತಿತ್ತು. ನಾವಾದರೋ ಕಲ್ಲನ್ನು ಕಡೆಯುವದರಲ್ಲಿ ನಿಪುಣರಾಗಿ ಕೊಡಗೆಯನ್ನು ಮರೆತಿದ್ದೇವೆ.

ಏನೂ ಆಗಿಲ್ಲವೆಂದು ಹೇಳುವದು ಅನ್ಯಾಯವಾದೀತು. ಅಂತರರಾಷ್ಟ್ರೀಯ ಪದಕಗಳನ್ನು ಗೆದ್ದವರಿಗೆ ಮಾಸಿಕ ಪೆನ್ಶನ್ನು ಕೊಡುವ ಯೋಜನೆಯನ್ನು ಕೇಂದ್ರ ಸರಕಾರವು 1994ರಲ್ಲಿ ಆರಂಭಿಸಿತು. ಜಾಧವರು ತೀರಿ ಅಂದಿಗೆ ಹತ್ತು ವರುಷಗಳಾಗಿದ್ದವು. 2018ರಲ್ಲಿ ಆ ಮೊತ್ತವನ್ನು ಇಮ್ಮಡಿಸಿ, ಒಲಿಂಪಿಕ್ ಪದಕ ಗಳಿಸಿದವರಿಗೆ ತಿಂಗಳಿಗೆ 20,000 ರೂಪಾಯಿಗಳೆಂದು ಗೊತ್ತುಮಾಡಿತು. ಕರ್ನಾಟಕ ಸರಕಾರವು ಮಾಜಿ ಪೈಲವಾನರಿಗೆ ಮಾಸಾಶನವನ್ನು ಕೊಡುತ್ತಿರುವದು; ಪೋಲೀಸ ಇಲಾಖೆಯ ನೇಮಣೂಕಿಯಲ್ಲಿ ಕ್ರೀಡಾಪಟುಗಳಿಗೆಂದು ಜಾಗಗಳನ್ನು ಮೀಸಲಿಟ್ಟಿರುವದು. ಇವು ಸ್ತುತ್ಯವಾದ ಕಾರ್ಯಗಳು. ಆದರೆ ಇವುಗಳಲ್ಲಿ ಎರಡು ಕೊರತೆಗಳುಂಟು. ಒಂದನೆಯದು, ಬೇಡಿದವನಿಗೆ ಮಾತ್ರ ದೊರೆಯುವ ಸಹಾಯವಿದು. ಅರ್ಜಿ, ದಾಖಲೆ, ಮೊಹರು, ಶಿಫಾರಸುಗಳ ದಾರಿಯನ್ನು ಅರಿಯದ ಹಳ್ಳಿಯ ಜಟ್ಟಿಗೆ ಇದು ಗಗನಕುಸುಮವೇ ಸರಿ. ಎರಡನೆಯದು, ದೊಡ್ಡ ಸಹಾಯವೆಲ್ಲವೂ ಪದಕವನ್ನೇ ನೋಡುವದು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರಲ್ಲಿ ಆಂಟ್ವರ್ಪಿನ ಒಲಿಂಪಿಕ್ ಕೂಟದಲ್ಲಿ ಮ್ಯಾರಥಾನ್ ಓಟವನ್ನೋಡಿ 19ನೆಯವರಾದರು. ಆ ಕಾಲದಲ್ಲಿ ಆ ದೂರದ ನಾಡಿಗೆ ಹೋಗಿ ಓಟವನ್ನು ಮುಗಿಸಿ ಬಂದದ್ದೇ ಒಂದು ಪರಾಕ್ರಮ. ಇಂಥವರು ಪದಕದ ಯಾದಿಯಲ್ಲಿ ಎಲ್ಲಿ ಬರುವರು?

ಇದಕ್ಕೆ ಒಂದು ಆಕ್ಷೇಪವು ಬರುವದು, ಅದು ಹಗುರವಾದುದಲ್ಲ. “ಹುನಗುಂದದ ಎರೆಹೊಲದಲ್ಲಿ ದುಡಿವ ಒಕ್ಕಲಿಗನಿಗೆ ಮುಪ್ಪಿನಲ್ಲಿ ಯಾರು ಇಪ್ಪತ್ತು ಸಾವಿರ ಕೊಡುವರು? ಇಳಕಲ್ಲದ ಮಗ್ಗದ ಕುಣಿಯಲ್ಲಿ ಕುಳಿತು ಕಣ್ಣು ಕಳೆದುಕೊಂಡ ನೇಕಾರನಿಗೆ ಯಾವ ಮೆರವಣಿಗೆ? ಆಡಿದವನಿಗೆ ಮಾತ್ರ ಏಕೆ ಈ ಪಕ್ಷಪಾತ?” ಎಂದು ವಿವೇಕಿಗಳು ಕೇಳಬಹುದು. ಒಕ್ಕಲಿಗನಿಗೂ ನೇಕಾರನಿಗೂ ಮುಪ್ಪಿನ ಆಸರೆಯು ಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ನೇಕಾರನ ಕೈಯಲ್ಲಿಯ ಕಲೆಯು ಐವತ್ತನೆಯ ವಯಸ್ಸಿನಲ್ಲಿ ಇಪ್ಪತ್ತರದಕ್ಕಿಂತ ಹೆಚ್ಚು ಪಳಗಿರುವದು. ಕ್ರೀಡಾಪಟುವಿನ ಕಲೆಯಾದರೋ ಮೂವತ್ತು-ಮೂವತ್ತೈದಕ್ಕೆ ತೀರಿಹೋಗುವದು. ಉಳಿದ ತರುಣರು ವಿದ್ಯೆಯನ್ನು ಕಲಿತು, ಉದ್ಯೋಗವನ್ನು ಹಿಡಿದು, ಸೇವೆಯಲ್ಲಿ ಹಿರಿತನವನ್ನು ಗಳಿಸುವ ವರುಷಗಳನ್ನು ಅವನು ತಾಲೀಮಿಗೆ ಧಾರೆಯೆರೆದಿರುವನು. ಹಾಗೆ ಮಾಡೆಂದು ಅವನಿಗೆ ಹೇಳಿದವರು ಯಾರು? ನಾವೇ. ನಾಡಿನ ಹೆಸರಿಗಾಗಿ ಆಡು ಎಂದು ಬೆನ್ನು ಚಪ್ಪರಿಸಿದವರು, ಅವನ ಆಟ ತೀರಿದ ದಿನ ಬೆನ್ನು ತಿರುಗಿಸುವದು ವ್ಯವಹಾರಕ್ಕೂ ಒಪ್ಪುವದಿಲ್ಲ, ಧರ್ಮಕ್ಕೂ ಒಪ್ಪುವದಿಲ್ಲ. ಇದು ದಾನದ ಮಾತಲ್ಲ, ಸಾಲದ ಮಾತು.

ಬಾಗಲಕೋಟೆಯ ಜನರಿಗೆ ಈ ಸಂಗತಿಯನ್ನು ವಿವರಿಸಿ ಹೇಳಬೇಕಾದ ಕಾರಣವೇ ಇಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಓಣಿ-ಪೇಟೆಗಳು ಮುಳುಗಿದಾಗ, ಪರಿಹಾರವೆಂಬುದೂ ಪುನರ್ವಸತಿಯೆಂಬುದೂ ಒಂದೇ ಅಲ್ಲವೆಂಬುದನ್ನು ಅವರು ಅನುಭವದಿಂದ ಅರಿತರು. ಕೈಗೆ ಬಂದ ರೊಕ್ಕವು ಮದುವೆಗೆ, ಸಾಲಕ್ಕೆ, ನೆಂಟರಿಗೆ ಕರಗಿಹೋಗುವದು. ನೆಲೆಯೆಂಬುದು ಮನೆ, ಉದ್ಯೋಗ, ನೆರೆಹೊರೆಗಳು ಕೂಡಿಬಂದಾಗಲೇ ಆಗುವದು. ಕ್ರೀಡಾಪಟುವಿನ ಆಟದ ಆಯುಷ್ಯವು ತೀರುವದೂ ಒಂದು ಬಗೆಯ ಮುಳುಗಡೆಯೇ. ಪದಕ ಗೆದ್ದ ದಿನ ಘೋಷಿಸುವ ಲಕ್ಷ-ಕೋಟಿಗಳ ಬಹುಮಾನವು ಪರಿಹಾರಧನವಿದ್ದಂತೆ. ಅವನಿಗೆ ಬೇಕಾದುದು ಪುನರ್ವಸತಿ.

ಆ ಪುನರ್ವಸತಿಯು ಸಾಧ್ಯವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನವುಂಟು. ಕೊಡಗಿನ ಎಂ. ಪಿ. ಗಣೇಶರು 1972ರ ಮ್ಯೂನಿಕ್ ಒಲಿಂಪಿಕ್ಕಿನಲ್ಲಿ ಕಂಚನ್ನು ಗೆದ್ದ ಹಾಕಿ ತಂಡದಲ್ಲಿದ್ದರು. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿಯನ್ನು ತಂದ ತಂಡಕ್ಕೆ ನಾಯಕರಾಗಿದ್ದರು. ಆಟವನ್ನು ಬಿಟ್ಟ ಮೇಲೆ ಅವರು ಆಟವನ್ನು ಕಲಿಸುವವರಾದರು. ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಉನ್ನತಾಧಿಕಾರವನ್ನು ನಿರ್ವಹಿಸಿದರು. 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರಿಗೆ ಬಂದಿತು. ಕೊಳ್ಳಲು ಅವರು ಇದ್ದರು. ಜಾಧವರ ಶಕ್ತಿಯು ಕಡಿಮೆಯಾಗಿರಲಿಲ್ಲ, ಶೀಲವೂ ಕಡಿಮೆಯಾಗಿರಲಿಲ್ಲ. ಗಣೇಶರಿಗೆ ತಾವು ಗಳಿಸಿದ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವ ಸ್ಥಾನವು ದೊರೆಯಿತು. ಜಾಧವರಿಗೆ ಅಂಥ ಸ್ಥಾನವನ್ನು ನಾಡು ಕಟ್ಟಿಕೊಡಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಇಳಕಲ್ಲದ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ ಕೊಂಡಿ ಹಾಕಿ ಕೂಡಿಸುವರು. ಸೆರಗಿನ ಕೆಂಪು ಎಷ್ಟೇ ಮೆರೆದರೂ ಕೊಂಡಿಯು ಸಡಿಲಾದರೆ ಸೀರೆಯು ಉಡಲು ಬಾರದು. ಸ್ಪರ್ಧೆಯ ಬಾಳಿಗೂ ಆ ಮೇಲಿನ ಬಾಳಿಗೂ ಅಂಥ ಕೊಂಡಿಯನ್ನು ಆಟಗಾರನು ಆಡುತ್ತಿರುವಾಗಲೇ ಹಾಕಬೇಕು. ಮೊದಲನೆಯದಾಗಿ, ಕ್ರೀಡಾನಿಲಯಕ್ಕೆ ಸೇರಿದ ಹುಡುಗ-ಹುಡುಗಿಯರ ಶಿಕ್ಷಣವು ಅರ್ಧಕ್ಕೆ ನಿಲ್ಲಬಾರದು. ಪದವಿಯವರೆಗೆ ಓದಿಸುವ ಹೊಣೆಯನ್ನು ಸರಕಾರವೂ ನಮ್ಮ ವಿದ್ಯಾಸಂಸ್ಥೆಗಳೂ ಕೂಡಿ ಹೊರಬೇಕು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದಂಥ ಹಿರಿಯ ಸಂಸ್ಥೆಗಳು ಮನಸ್ಸು ಮಾಡಿದರೆ ಈ ಜಿಲ್ಲೆಯಲ್ಲಿ ಇದು ಕಠಿಣವಲ್ಲ. ಎರಡನೆಯದಾಗಿ, ಆಟದಲ್ಲಿ ಬಿದ್ದ ಪೆಟ್ಟಿಗೆ ಆಟವನ್ನು ಬಿಟ್ಟ ಮೇಲೆಯೂ ಚಿಕಿತ್ಸೆಯು ದೊರೆಯುವ ಏರ್ಪಾಡು ಬೇಕು. ಮುರಿದ ಮೊಣಕಾಲು ವಯಸ್ಸಾದಂತೆ ಹೆಚ್ಚು ನೋಯುವದೇ ಹೊರತು ಕಡಿಮೆಯಲ್ಲ. ಮೂರನೆಯದಾಗಿ, ಪೆನ್ಶನ್ನು ಅರ್ಹನಾದವನ ಮನೆಯನ್ನು ತಾನಾಗಿ ಹುಡುಕಿಕೊಂಡು ಹೋಗಬೇಕು. ನಾಲ್ಕನೆಯದಾಗಿ, ಊರೂರಿನ ಗರಡಿಮನೆಗಳಲ್ಲಿ, ಶಾಲೆಗಳಲ್ಲಿ, ಹಳೆಯ ಆಟಗಾರರನ್ನು ಸಂಬಳದ ಉಸ್ತಾದರನ್ನಾಗಿ ನೇಮಿಸಬೇಕು. ವಿಜಯಪುರ-ಬಾಗಲಕೋಟೆಗಳ ಸೀಮೆಯು ಸೈಕಲ್ ಪಟುಗಳಿಗೂ ಜಟ್ಟಿಗಳಿಗೂ ಹೆಸರಾದುದು. ಅವರು ಕಲಿತದ್ದು ಅವರೊಡನೆಯೇ ಮಣ್ಣುಗೂಡಿದರೆ ನಷ್ಟವು ನಾಡಿನದೇ.

ತಂದೆತಾಯಿಗಳಿಗೂ ಒಂದು ಮಾತು. ಮಗನ ತೋಳಿನ ಬಲವನ್ನು ಕಂಡು ಹಿಗ್ಗುವಾಗ ಅವನ ಪಾಟಿಪುಸ್ತಕಗಳನ್ನು ಅಟ್ಟಕ್ಕೆ ಹಾಕಬೇಡಿರಿ. ಮಗಳು ಓಟದಲ್ಲಿ ಗೆದ್ದು ಬಂದರೆ ಮದುವೆಯ ಮಾತನ್ನೆತ್ತಿ ಅವಳ ಅಭ್ಯಾಸವನ್ನು ಮುರಿಯಬೇಡಿರಿ. ಕಾಯಕವನ್ನೇ ಕೈಲಾಸವೆಂದ ನಾಡಿನಲ್ಲಿ ಕಣವನ್ನು ಬಿಟ್ಟವನು ಬೇರೊಂದು ಕಾಯಕವನ್ನು ಹಿಡಿಯುವದು ಅಪಮಾನವಲ್ಲ. ಅದಕ್ಕೆ ಅವನನ್ನು ಸಿದ್ಧಗೊಳಿಸದಿರುವದು ನಮ್ಮ ಅಪರಾಧ.

ಈ ಪುಟವನ್ನು ಓದುವವರಲ್ಲಿ ಅಧಿಕಾರಿಗಳು ಬಹುಜನರಿರುವರು. ಅವರಲ್ಲಿ ನಮ್ಮ ವಿನಂತಿಯಿಷ್ಟೇ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ತಾಲೂಕುಗಳಲ್ಲಿ ರಾಜ್ಯದ ಪರವಾಗಿ, ದೇಶದ ಪರವಾಗಿ ಆಡಿದವರು ಯಾರು ಯಾರು ಇರುವರು, ಅವರ ಇಂದಿನ ಉದ್ಯೋಗವೇನು, ಆರೋಗ್ಯ ಹೇಗಿದೆ, ಮಾಸಾಶನವು ಬರುತ್ತಿರುವದೋ ಇಲ್ಲವೋ ಎಂಬುದರ ಯಾದಿಯನ್ನು ಊರೂರಿಗೆ ಹೋಗಿ ತಯಾರಿಸಿರಿ. ಅದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ; ಒಬ್ಬ ಗುಮಾಸ್ತನ ಕೆಲವು ವಾರಗಳ ದುಡಿಮೆ ಸಾಕು. ಮುಂದಿನ ಸನ್ಮಾನಸಮಾರಂಭದ ಆಮಂತ್ರಣಪತ್ರವು ಅಚ್ಚಾಗುವ ಮೊದಲು ಆ ಯಾದಿಯು ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇರಲಿ.