ಚಿಹ್ನೆ ಉದುರಿದರೆ ಸುದ್ದಿಯೇ ಬದಲು

'ಕೆರೆ ಹೂಳೆತ್ತುವ ಕೆಲಸ ಮುಗಿದಿದೆ'

ಈ ತಲೆಬರಹ ನೋಡಿ. ಎರಡೂ ಬದಿಗೆ ಉದ್ಧರಣ ಚಿಹ್ನೆ ಇರುವುದರಿಂದ ಇದು ಯಾರೋ ಹೇಳಿದ ಮಾತು. ಗುತ್ತಿಗೆದಾರರದ್ದೋ, ಅಧಿಕಾರಿಯದ್ದೋ ಇರಬಹುದು. ಚಿಹ್ನೆ ಉದುರಿದರೆ ಅದೇ ಮಾತು ವರದಿಗಾರರು ಕಣ್ಣಾರೆ ಕಂಡ ಸಂಗತಿಯಾಗುತ್ತದೆ. ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದು ಕೂತರೆ ಅನುಮಾನವಾಗುತ್ತದೆ. ಒಂದಕ್ಷರವೂ ಬದಲಾಗದೆ ಮೂರು ಅರ್ಥ!

ಹೀಗೇಕೆ ಆಗುತ್ತದೆ? ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಹಳೆಯ ಆಸ್ಕಿ ಪಟ್ಟಿಯಲ್ಲಿದ್ದದ್ದು 128 ಜಾಗ ಮಾತ್ರ. ನೆಟ್ಟಗಿನ ಜೋಡಿ ಉದ್ಧರಣ ಚಿಹ್ನೆಗೆ ಅಲ್ಲಿ 34ನೇ ಸಂಖ್ಯೆ ಸಿಕ್ಕಿತು. ಪುಸ್ತಕಗಳಲ್ಲಿ ಕಾಣುವ ಬಾಗಿದ ಚಿಹ್ನೆಗಳಿಗೆ ಜಾಗ ಸಿಗಲಿಲ್ಲ. ಯುನಿಕೋಡ್‌ನಲ್ಲಿ ಅವುಗಳ ಸಂಖ್ಯೆ 8220 ಮತ್ತು 8221. ವರ್ಡ್‌ನಂಥ ತಂತ್ರಾಂಶಗಳು ನಾವು ಕೇಳದೆಯೇ ನೆಟ್ಟಗಿನದನ್ನು ಬಾಗಿಸಿಬಿಡುತ್ತವೆ. ಆ ಬರಹವನ್ನು ಹಳೆಯ ಫಾಂಟಿನಿಂದ ಯುನಿಕೋಡ್‌ಗೆ ಬದಲಿಸುವಾಗ, ಚಿಹ್ನೆಯ ಗುರುತು ಸಿಗದ ತಂತ್ರಾಂಶ ಅದನ್ನು ಬಿಟ್ಟುಬಿಡಬಹುದು, ಇಲ್ಲವೇ ಬೇರೇನನ್ನೋ ತುರುಕಬಹುದು. ರೂಪಾಯಿ ಚಿಹ್ನೆ ₹ ಯುನಿಕೋಡ್ ಸೇರಿದ್ದೇ 2010ರಲ್ಲಿ. ಅದಿಲ್ಲದ ಹಳೆಯ ಫಾಂಟಿನಲ್ಲಿ ಖಾಲಿ ಚೌಕ ಕಾಣಬಹುದು.

ಅಕ್ಷರ ಕೆಟ್ಟರೆ ಓದುಗರು ಕೂಡಲೇ ಹಿಡಿಯುತ್ತಾರೆ. ಚಿಹ್ನೆ ಕೆಟ್ಟರೆ ಹಿಡಿಯುವವರು ಕಡಿಮೆ. ಅಷ್ಟರಲ್ಲಿ ಸುದ್ದಿ ವಾಟ್ಸಾಪ್‌ನಲ್ಲಿ ಹತ್ತು ಗುಂಪು ದಾಟಿರುತ್ತದೆ. ಆದ್ದರಿಂದ ಚಿಹ್ನೆಯನ್ನು ಬರೀ ಅಲಂಕಾರ ಎಂದುಕೊಳ್ಳುವುದನ್ನು ಬರೆಯುವವರೆಲ್ಲ ಬಿಡಬೇಕು ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಮದ್ದು ನಮ್ಮ ಭಾಷೆಯಲ್ಲೇ ಇದೆ. 'ಎಂದು', 'ಎಂದರು', 'ಅಂತೆ' ಎಂಬ ಪದಗಳು ಮಾಡುವುದು ಉದ್ಧರಣ ಚಿಹ್ನೆಯ ಕೆಲಸವನ್ನೇ. ಅವು ಅಕ್ಷರಗಳಾದ್ದರಿಂದ ಚಿಹ್ನೆ ಉದುರಿದರೂ ಉಳಿಯುತ್ತವೆ. ಮಾತಿಗೆ ಮೊದಲು ಹೇಳಿದವರ ಹೆಸರು, ಕೊನೆಗೆ 'ಎಂದರು' ಇರಲಿ. ತಲೆಬರಹದಲ್ಲಿ ಜಾಗ ಸಾಲದೆ? 'ಕೆಲಸ ಮುಗಿದಿದೆ: ಗುತ್ತಿಗೆದಾರ' ಎಂದರೂ ಸಾಕು. ಆ ಎರಡು ಚುಕ್ಕಿ ಆಸ್ಕಿ ಪಟ್ಟಿಯಲ್ಲೇ ಇದೆ.

ಇನ್ನು ಮೂರು ಮಾತು. ಬರೀ ಪಠ್ಯಕ್ಕೆ ನೆಟ್ಟಗಿನ ಚಿಹ್ನೆಯೇ ಕ್ಷೇಮ. ಹಣದ ಲೆಕ್ಕಕ್ಕೆ 'ರೂ.' ಎಂದು ಅಕ್ಷರದಲ್ಲೇ ಬರೆಯಿರಿ. ಫೈಲ್ ಉಳಿಸುವಾಗ ಯುಟಿಎಫ್-8 ಆರಿಸಿಕೊಳ್ಳಿ. ಪ್ರಕಟಣೆ ಹೊರಡಿಸುವ ಕಚೇರಿಗಳೂ ಇಷ್ಟು ಮಾಡಿದರೆ ಅರ್ಧ ಗೊಂದಲ ತಪ್ಪುತ್ತದೆ.

ಓದುವ ನಿಮ್ಮಲ್ಲೂ ಒಂದು ಕೋರಿಕೆ. ಸುದ್ದಿಯ ನಡುವೆ ಕಾರಣವಿಲ್ಲದೆ ಚೌಕವೋ ಪ್ರಶ್ನಾರ್ಥಕವೋ ಕಂಡರೆ ಮುಂದಕ್ಕೆ ಕಳಿಸುವ ಮೊದಲು ಕಳಿಸಿದವರನ್ನು ಕೇಳಿ: ಈ ಮಾತು ಹೇಳಿದ್ದು ಯಾರು?